ಮೂಸಿ ಸಹಿ ಹಾಕಿದ ಡಬ್ಬಿ

ಜ್ವರ ಬಿಟ್ಟು ಮೂರು ವಾರವಾಗಿತ್ತು; ಮೂಗು ಮಾತ್ರ ಸತ್ತೇ ಹೋಗಿತ್ತು. ಬೆಳ್ಳುಳ್ಳಿ ಸೀದರೂ ಹೊಗೆ ಕಂಡ ಮೇಲೆಯೇ ಅವನಿಗೆ ಗೊತ್ತಾಗುತ್ತಿತ್ತು. ಬ್ಯಾಂಕುಗಳ ಗಾಜಿನ ಕಟ್ಟಡಗಳ ನಡುವಿನ ಆ ದುಬಾರಿ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಹತ್ತೊಂಬತ್ತು ವರ್ಷದಿಂದ ಪಾಸ್ತಾ ಒಲೆ ಅವನದು. ಮೂಗಿನ ವಿಷಯ ಬಾಯಿಬಿಟ್ಟರೆ ಅಂದೇ ಮನೆ ದಾರಿ ಹಿಡಿಯಬೇಕು. ಹೆಂಡತಿಗೂ ಹೇಳಿರಲಿಲ್ಲ. ಗೊತ್ತಿದ್ದದ್ದು ಪಕ್ಕದ ಒಲೆಯ ಷಡ್ಡಕನಿಗೆ ಮಾತ್ರ. ಇವನ ಪರವಾಗಿ ಮೂಸುವವನು, ರುಚಿ ನೋಡುವವನು ಅವನೇ.

"ಮಾವ ನಮ್ಗೆ ಒಬ್ಬೊಬ್ಬರಿಗೆ ಒಂದೊಂದು ಹುಡುಗಿ ಕೊಟ್ರು, ಮೂಗು ಮಾತ್ರ ಇಬ್ರಿಗೂ ಸೇರಿ ಒಂದೇ ಅಣ್ಣಾ," ಎಂದು ನಗುತ್ತಿದ್ದ.

ಆ ಅಡುಗೆಮನೆಯಲ್ಲೊಂದು ಕಟ್ಟುನಿಟ್ಟು: ಫ್ರಿಜ್ಜಿನಿಂದ ತೆಗೆದ ಮೀನಿನ ಡಬ್ಬಿಯನ್ನು ಮೂಸಿ, ಮುಚ್ಚಳದ ಚೀಟಿಗೆ ಸಹಿ ಹಾಕಿದ ಮೇಲೆಯೇ ಒಲೆ ಹಚ್ಚಬೇಕು.

ಆ ಮಧ್ಯಾಹ್ನ ಷಡ್ಡಕನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಎಂಟು ಜನರ ಮೇಜಿನಿಂದ ಚಿಪ್ಪುಮೀನಿನ ಪಾಸ್ತಾಕ್ಕೆ ಆರ್ಡರ್ ಬಂತು.

"ಏನ್ರೀ, ಡಬ್ಬಿ ಮುಂದೆ ಧ್ಯಾನಕ್ಕೆ ಕೂತ್ರಾ?" ಎಂದರು ಶೆಫ್ ಮೇಡಂ.

ಅವನು ಮುಚ್ಚಳ ತೆಗೆದು, ಎಲ್ಲರಿಗೂ ಕೇಳುವಷ್ಟು ಉದ್ದಕ್ಕೆ ಉಸಿರೆಳೆದ. ತಣ್ಣನೆಯ ಗಾಳಿ, ಅಷ್ಟೆ. ಬೆರಳಿಗೆ ಮಾಂಸ ತುಸು ಜಿಗುಟಾಗಿತ್ತು. ಮನಸ್ಸು ಹಿಂಜರಿಯಿತು. ಮೇಡಂ ನೋಡುತ್ತಲೇ ಇದ್ದರು. ಸಹಿ ಹಾಕಿದ.

ತಟ್ಟೆಗಳು ಹೋಗಿ ಹತ್ತು ನಿಮಿಷಕ್ಕೆ ಷಡ್ಡಕ ಏದುಸಿರು ಬಿಡುತ್ತಾ ಬಂದ. ಏಪ್ರನ್ ಕಟ್ಟುತ್ತಿದ್ದವನ ಕೈ ಹಾಗೇ ನಿಂತಿತು. ಡಬ್ಬಿಯ ತಳದ ನೀರನ್ನು ಮೂಸಿ ಮುಖ ತಿರುಗಿಸಿದ.

"ಇದನ್ನ ಯಾರಿಗೂ ಕೊಟ್ಟಿಲ್ಲ ತಾನೇ ಅಣ್ಣಾ?"

"ಎಂಟು ತಟ್ಟೆ."

ಷಡ್ಡಕ ಸುತ್ತ ನೋಡಿ ದನಿ ತಗ್ಗಿಸಿದ. "ಬೆಳ್ಳುಳ್ಳಿ, ವೈನು ಬಿದ್ದಿದೆ, ಅವರಿಗೆ ಗೊತ್ತಾಗಿರಲ್ಲ. ಸುಮ್ನಿರಿ. ಡಬ್ಬಿ ನಾನು ತೊಳೆದಿಡ್ತೀನಿ." ಅವನ ಉಗುರು ಆಗಲೇ ಸಹಿಯ ಚೀಟಿಯನ್ನು ಕೆರೆಯುತ್ತಿತ್ತು.

ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ದಾಟದ ಬಾಗಿಲನ್ನು ದೂಡಿಕೊಂಡು ಇವನು ಊಟದ ಹಾಲ್‌ಗೆ ನಡೆದ. ಏಳು ತಟ್ಟೆ ಖಾಲಿ. ಕೊನೆಯ ಕುರ್ಚಿಯ ತುಂಬು ಬಸುರಿ ಬ್ರೆಡ್ಡಿನ ತುಂಡಿನಿಂದ ತನ್ನ ತಟ್ಟೆ ಬಳಿಯುತ್ತಿದ್ದಳು. ಏಪ್ರನ್ ಕಂಡು ಅವಳ ಮುಖ ಅರಳಿತು.

"ನೀವೇನಾ ಮಾಡಿದ್ದು? ತಿಂಗಳಾಯ್ತು, ಇವತ್ತೇ ನಂಗೆ ಊಟ ಸೇರಿದ್ದು."

ಅವನು ಅವಳ ಕೈಯಿಂದ ಬ್ರೆಡ್ಡನ್ನು ಕಿತ್ತುಕೊಂಡ.

"ಉಗಿದುಬಿಡಿ ಅಮ್ಮಾ. ಹಳಸಿದೆ. ನನಗೆ ವಾಸನೆ ಗೊತ್ತಾಗಲ್ಲ."

ಅವಳು ಬಾಯಲ್ಲಿದ್ದದ್ದನ್ನು ನುಂಗಿ, "ಏನಂದ್ರಿ?" ಎಂದಳು.