ಲೈಬ್ರರಿಯ ತಂಪು

ಮರುಭೂಮಿಯ ಅಂಚಿನ ಊರು ರಶೀದಿಯಾಕ್ಕೆ ಹೊಸ ಲೈಬ್ರರಿ ಕಟ್ಟುವಾಗ ಪುರಸಭೆಯವರು ಒಂದು ಷರತ್ತು ಹಾಕಿದ್ದರು: ಕರೆಂಟು ಆದಷ್ಟು ಕಡಿಮೆ ಖರ್ಚಾಗಬೇಕು, ಅದಕ್ಕಾಗಿ ಮೊದಲ ಗೆರೆ ಎಳೆಯುವ ದಿನದಿಂದಲೇ ಎಲ್ಲರೂ ಒಂದೇ ಮೇಜಿಗೆ ಕೂರಬೇಕು. ಅದುವರೆಗೆ ನಕ್ಷೆ ಬರೆಯುವವರು ಬರೆದು ಕೊಡುತ್ತಿದ್ದರು, ಮಿಕ್ಕ ನಾವು ಅದರೊಳಗೆ ಕಂಬ, ತಂತಿ, ಎಸಿ ತುರುಕುತ್ತಿದ್ದೆವು. ನಾನು ತುರಿಯಾ, ಗೋಡೆ ಕಂಬಗಳ ಎಂಜಿನಿಯರ್. ನಕ್ಷೆ ನನ್ನ ಗೆಳತಿ ಗಿಜ್ಲಾನಳದು. ತಂಪಿನ ಲೆಕ್ಕ ಅಗಾದಿರ್‌ನಿಂದ ಬಂದ ಲಹ್ಸೆನ್‌ನದು. ಲೈಬ್ರರಿ ನೋಡಿಕೊಳ್ಳುವ ಲಲ್ಲಾ ಫದ್ಮಾ ಕೂಡ ಜೊತೆಗೆ ಕೂರುತ್ತಿದ್ದರು.

ಮೊದಲ ದಿನವೇ ಜಗಳ. ಝೀಜ್ ನದಿಯ ಖರ್ಜೂರದ ತೋಟ ಕಾಣಲಿ ಅಂತ ಗಿಜ್ಲಾನ್ ಮೊದಲ ಗೆರೆಯಲ್ಲೇ ಪಶ್ಚಿಮದ ಗೋಡೆಯನ್ನು ಪೂರಾ ಗಾಜು ಮಾಡಿದಳು.

"ತೋಟ ಕಾಣುತ್ತೆ, ಸರಿ. ಓದೋಕೆ ಬಂದೋರು ಬೇಯ್ತಾರಲ್ಲ, ಅವರನ್ನ ಯಾರು ನೋಡ್ಬೇಕು?" ಅಂದ ಲಹ್ಸೆನ್.

"ನೀವು ಸಮುದ್ರದ ಕಡೆಯೋರು. ನಮ್ಮೂರ ಬಿಸಿಲು ನಮಗೆ ಗೊತ್ತಿದೆ."

"ಗೊತ್ತಿದ್ದೂ ಹಿಂಗೆ ಬರೆದ್ರಾ?"

ಲಲ್ಲಾ ಫದ್ಮಾ ಚಹಾ ಬಗ್ಗಿಸುತ್ತಾ, "ಮಕ್ಕಳು ಬರೋದೇ ಸ್ಕೂಲು ಬಿಟ್ಟ ಮೇಲೆ ಕಣಮ್ಮಾ. ಆವಾಗ ಸೂರ್ಯ ಅಲ್ಲೇ ಕೂತಿರ್ತಾನೆ" ಅಂದರು.

ಗಿಜ್ಲಾನ್ ಕೆಲವು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಓದುವ ಕೋಣೆಯನ್ನು ಉತ್ತರಕ್ಕೆ ತಿರುಗಿಸಿ, ನಡುವೆ ಅಂಗಳ ಇಟ್ಟು ತಂದಳು. ಗಾಜು ಹೋಯ್ತಲ್ಲ ಅಂತ ನಾನು ಮಣ್ಣಿನ ಗೋಡೆ ದಪ್ಪ ಮಾಡಿದೆ. ಗೋಡೆ ದಪ್ಪ ಆಯ್ತಲ್ಲ ಅಂತ ಲಹ್ಸೆನ್ ಎಸಿಯನ್ನು ಅರ್ಧಕ್ಕಿಳಿಸಿದ. ಮಾಳಿಗೆಯ ಮೇಲೆ ಕೂರಬೇಕಿದ್ದ ಎಸಿ ಯಂತ್ರಗಳ ಭಾರ ಇಳಿದದ್ದರಿಂದ ನನ್ನ ಕಂಬಗಳೂ ಸಣ್ಣಗಾದವು.

ಆ ಹೊತ್ತಿಗೆ ಗಿಜ್ಲಾನ್, ಲಹ್ಸೆನ್ ನಡುವಿನ 'ನೀವು' ಹೋಗಿ 'ನೀನು' ಬಂದಿತ್ತು. ಅವನು ಗಾಳಿ ಎಲ್ಲಿಂದ ಎಲ್ಲಿಗೆ ಹಾಯುತ್ತದೆ ಅಂತ ವಿವರಿಸುವಾಗ ಇವಳು ಪೆನ್ಸಿಲ್ ಕೆಳಗಿಟ್ಟು ಅವನನ್ನೇ ನೋಡುತ್ತಿದ್ದಳು.

"ಹೇಳಿಬಿಡೇ" ಅಂದೆ ನಾನು.

"ಏನೇ ಹೇಳೋದು? ಮೊದಲು ಕೆಲಸ ಮುಗೀಲಿ."

ಕೆಲಸ ಮುಗಿಯಿತು, ಅವನು ಅಗಾದಿರ್‌ಗೆ ಹೊರಟ. ಬಸ್‌ಸ್ಟ್ಯಾಂಡಿನಲ್ಲಿ ಅವಳು ಒಂದು ಡಬ್ಬಿ ಖರ್ಜೂರ ಕೊಟ್ಟಳು, ಅಷ್ಟೇ.

ಮುಂದಿನ ವರ್ಷದ ಬೇಸಿಗೆಯಲ್ಲಿ ನಾವೆಲ್ಲ ಮತ್ತೆ ಸೇರಿ ಕಟ್ಟಡ ಹೇಗೆ ನಡೆದುಕೊಳ್ಳುತ್ತಿದೆ ಅಂತ ನೋಡಬೇಕಿತ್ತು. ಅವಳು ವರ್ಷವಿಡೀ ಆ ದಿನವನ್ನೇ ಕಾದಳು. ಫೋನು ಸದ್ದು ಮಾಡಿದರೆ ಹೆಸರು ನೋಡುವಳು, ಆಮೇಲೆ ಸಾವಕಾಶವಾಗಿ ಎತ್ತುವಳು.

ಅವನು ಬಂದ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಎಸಿ ಹಾಕದೆಯೇ ಮಕ್ಕಳು ಓದುತ್ತಿದ್ದರು. ಅವನು ಗೋಡೆಗೆ ಅಂಗೈ ಒತ್ತಿ ನಿಂತ.

"ಗೆದ್ದೆವಲ್ಲ, ಗಿಜ್ಲಾನ್."

ನಾನು ಪಕ್ಕದಲ್ಲೇ ಇದ್ದೆ. ಅದನ್ನೂ ಲೆಕ್ಕಿಸದೆ ಅವಳು, "ನೀನು ಹೋದಾಗಿಂದ ಈ ಊರೇ ಖಾಲಿ ಅನ್ಸುತ್ತೆ. ಇಲ್ಲೇ ಇದ್ದುಬಿಡ್ತೀಯಾ?" ಅಂದಳು.

ಅವನು ಗೋಡೆಯಿಂದ ಕೈ ತೆಗೆದ. "ಮುಂದಿನ ತಿಂಗಳು ನನ್ನ ಮದುವೆ" ಅಂದ. ಆಮೇಲೆ ಮೆಲ್ಲಗೆ, "ಅವತ್ತು ನೀನು ಏನಾದ್ರೂ ಹೇಳ್ತೀಯೇನೋ ಅಂತ, ಕಂಡಕ್ಟರ್ ಬೈಯೋವರೆಗೂ ಬಸ್ಸು ಹತ್ತದೆ ನಿಂತಿದ್ದೆ."

"ನೀನೇ ಹೇಳಬಹುದಿತ್ತು."

"ಹೌದು" ಅಂದ ಅವನು.

ಈಗ ನಾನೂ ಗಿಜ್ಲಾನಳೂ ಮಿದೆಲ್ತ್‌ನಲ್ಲಿ ಶಾಲೆ ಕಟ್ಟುತ್ತಿದ್ದೇವೆ. ಅಲ್ಲಿ ಚಳಿ ಜಾಸ್ತಿ, ಬಿಸಿಲನ್ನು ಒಳಗೆ ಕರೆದುಕೊಳ್ಳುವ ಲೆಕ್ಕ. ಲಹ್ಸೆನ್‌ನ ಜಾಗಕ್ಕೆ ಬಂದ ಎಂಜಿನಿಯರ್ ವಯಸ್ಸಾದವರು, ಒಳ್ಳೆಯವರು. ರಜೆ ಸಿಕ್ಕರೆ ಗಿಜ್ಲಾನ್ ರಶೀದಿಯಾಕ್ಕೆ ಹೋಗಿ ಲೈಬ್ರರಿಯಲ್ಲಿ ಕೂತು ಬರುತ್ತಾಳೆ. ಪುಸ್ತಕವನ್ನೇನೂ ತೆರೆಯುವುದಿಲ್ಲ ಅಂತ ಲಲ್ಲಾ ಫದ್ಮಾ ಹೇಳಿದರು.