ಏಳನೆಯ ನಿಯಮ

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮುರುಗೇಶ್ ಬಂದು ಚೀಟಿ ನೀಡಿದಾಗ ಗೆಳೆಯನ ತಂದೆ ಕೃಷ್ಣಸ್ವಾಮಿಯವರು ಕೈ ಚಾಚಲಿಲ್ಲ. ಗಡುವು ನಿನ್ನೆ ಸಂಜೆಗೇ ಮುಗಿಯಿತಲ್ಲಪ್ಪ ಎಂದರು. ಮುರುಗೇಶನಿಗೆ ಮೊದಲು ಅದು ತಮಾಷೆ ಎನಿಸಿತು. ಕೊಳತ್ತೂರಿನಿಂದ ಮೆಟ್ಟೂರಿಗೆ, ಮೆಟ್ಟೂರಿನಿಂದ ಸೇಲಂಗೆ ಎರಡು ಬಸ್ಸು ಹತ್ತಿಳಿದು ಬಂದಿದ್ದ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಾಗಿಲ ಚೌಕಟ್ಟಿಗೆ ಒರಗಿ ನಕ್ಕ.

"ಅಪ್ಪಾ, ಮ್ಯಾಚು ಸೋಮವಾರ ಐತೆ, ಅದಿಮೂರನೇ ತಾರೀಕು. ಇವತ್ತು ದೀಪ ಅಚ್ಚೋ ಗಂಟ ಟೈಮ್ ಐತಲ್ಲ."

"ರಾತ್ರಿ ಹನ್ನೆರಡೂವರೆ ಹೇಗಪ್ಪ ಸೋಮವಾರ ಆಗ್ತದೆ? ಸೂರ್ಯ ಹುಟ್ಟೋ ತನಕ ಭಾನುವಾರವೇ. ಆಟ ಭಾನುವಾರದ್ದು. ಅದರ ಹಿಂದಿನ ದಿನ ಅಂದ್ರೆ ಶನಿವಾರ."

ಮುದುಕರು ನಗುತ್ತಿಲ್ಲವೆಂದು ಕಂಡಾಗ ಮುರುಗೇಶನ ನಗುವೂ ನಿಂತಿತು.

ಆಟವೆಂದರೆ ಫ್ರಾನ್ಸಿನಲ್ಲಿ ನಡೆಯುತ್ತಿದ್ದ ಫುಟ್ಬಾಲ್ ವಿಶ್ವಕಪ್ಪಿನ ಫೈನಲ್. ಚೀಟಿಯೆಂದರೆ ಗೆಳೆಯರು ಕಾಗದದ ಮೇಲೆ ನಡೆಸುತ್ತಿದ್ದ ಲೀಗಿನ ಚೀಟಿ. ಯಾವ ದೇಶದವರಾದರೂ ಸರಿ, ಒಬ್ಬೊಬ್ಬರು ಹನ್ನೊಂದು ಆಟಗಾರರನ್ನು ಆರಿಸಿ ತಮ್ಮದೊಂದು ತಂಡ ಕಟ್ಟಿಕೊಳ್ಳಬೇಕು. ಅಲ್ಲಿ ಅವನು ಗೋಲು ಹೊಡೆದರೆ ಇಲ್ಲಿ ಇವನಿಗೆ ಮೂರು ಅಂಕ. ಗೋಲು ಕಾಯುವ ಗೋಲಿ ಒಂದೂ ಗೋಲು ಬಿಡದೆ ಆಟ ಮುಗಿಸಿದರೆ ಎರಡು. ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಹಾಕಬೇಕಾದರೆ ಚೀಟಿ ಬರೆದುಕೊಡಬೇಕು. ಎಲ್ಲವೂ ಒಂದು ಉದ್ದನೆಯ ನೋಟುಪುಸ್ತಕದಲ್ಲಿ ದಾಖಲಾಗಬೇಕು.

ಇದನ್ನೆಲ್ಲ ಹುಟ್ಟಿಸಿದವನು ಅಕ್ಷೋಭ್ಯ, ಕೃಷ್ಣಸ್ವಾಮಿಯವರ ಒಬ್ಬನೇ ಮಗ. ತೊಂಬತ್ತನಾಲ್ಕರಲ್ಲಿ ಮೊದಲ ಸಲ ನಡೆಸಿ ತಾನೇ ಗೆದ್ದಿದ್ದ. ತೊಂಬತ್ತೆಂಟರದಕ್ಕೆ ಆರು ತಿಂಗಳು ಮೊದಲೇ ಸಿದ್ಧನಾಗಿ, ತನ್ನ ಹನ್ನೊಂದು ಮಂದಿಯನ್ನೂ ಬರೆದಿಟ್ಟು, ಈ ಬಾರಿ ಅಪ್ಪನೇ ಅಂಪೈರು ಎಂದು ಸಾರಿದ್ದ. ಅದಾದ ಹದಿನೈದು ದಿನಕ್ಕೆ ಧರ್ಮಪುರಿಯಿಂದ ಬರುವಾಗ ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಲಾರಿಗೆ ಸಿಕ್ಕಿದ. ಓಡಿಸುತ್ತಿದ್ದ ಬೈಕು ಮುರುಗೇಶನದು, ಒಂದು ದಿನದ ಮಟ್ಟಿಗೆ ಕೇಳಿ ತಂದದ್ದು. ಜೀವ ಹೋದದ್ದು ಬೆಳಗಿನ ಜಾವ ಮೂರಕ್ಕೆ. ಆಸ್ಪತ್ರೆಯವರು ಮಂಗಳವಾರ ಎಂದು ಬರೆದುಕೊಟ್ಟರು. ಕೃಷ್ಣಸ್ವಾಮಿಯವರು ಇಂದಿಗೂ ಸೋಮವಾರ ಎನ್ನುತ್ತಾರೆ.

ಜೂನ್ ಮೊದಲ ವಾರ ಮೂವರು ಗೆಳೆಯರು ಮನೆಗೆ ಬಂದಿದ್ದರು. ಮುರುಗೇಶ್, ಕಡಯಂಪಟ್ಟಿಯ ನಾಗರಾಜನ್, ಧರ್ಮಪುರಿಯಲ್ಲಿ ಎಸ್‌ಟಿಡಿ ಬೂತು ಇಟ್ಟಿದ್ದ ಮಣಿಕಂಠ. ಲೀಗು ನಡೆಸೋಣವೇ ಬೇಡವೇ ಎಂದು ಕೇಳಿದರು. ನಡೆಯಲಿ ಎಂದರು ಕೃಷ್ಣಸ್ವಾಮಿ. ನಾಲ್ಕನೆಯ ತಂಡ ಅಕ್ಷೋಭ್ಯನ ಹೆಸರಿನಲ್ಲೇ ಇರಲಿ, ಅವನು ಬರೆದಂತೆಯೇ ಇರಲಿ, ಒಬ್ಬನನ್ನೂ ಬದಲಾಯಿಸುವುದಿಲ್ಲ ಎಂದರು. ವರ್ಷ ತುಂಬದ ಮನೆ, ಹಬ್ಬ ಹರಿದಿನ ಯಾವುದೂ ಇರಲಿಲ್ಲ. ಆದರೂ ಪುಸ್ತಕ ಶುರು ಮಾಡುವಾಗ ಬರಿದಾಗಿ ಬಿಡಬಾರದೆಂದು ನಿಯಮಗಳ ಹಾಳೆಯ ಮೂಲೆಗಳಿಗೆ ಗಂಧ ತೇದು ಹಚ್ಚಿದರು. ಆಮೇಲೆ ಆರು ನಿಯಮಗಳನ್ನು ಓದಿ ಹೇಳಿದರು.

ಆ ಹಾಳೆ ಕನ್ನಡದಲ್ಲಿತ್ತು. ಪುಸ್ತಕದ ಉಳಿದ ಭಾಗವೆಲ್ಲ ತಮಿಳು, ಇಂಗ್ಲಿಷು. ಅಕ್ಷೋಭ್ಯ ಶಾಲೆಯಲ್ಲಿ ಕನ್ನಡ ಓದಿದವನಲ್ಲ. ಚಿಕ್ಕವನಿದ್ದಾಗ ತಂದೆಯೇ ಸ್ಲೇಟು ಹಿಡಿಸಿ ತಿದ್ದಿಸಿದ್ದರು. ಅಂಪೈರಿಗಾಗಿ ಎಂದು ಆ ಒಂದು ಹಾಳೆಯನ್ನು ಮಾತ್ರ ಒತ್ತಕ್ಷರಕ್ಕೆ ತಡವರಿಸುತ್ತ ಕನ್ನಡದಲ್ಲಿ ಬರೆದಿದ್ದ. ಮಗನ ಕೈಯ ಕನ್ನಡವೆಂದು ಮನೆಯಲ್ಲಿ ಉಳಿದಿದ್ದದ್ದು ಅದೊಂದೇ. ನಾಲ್ಕನೆಯ ನಿಯಮ ಹೀಗಿತ್ತು: 'ಗೆದ್ದವನ ಮನೆಯಲ್ಲಿ ಈ ಪುಸ್ತಕ ಮುಂದಿನ ವಿಶ್ವಕಪ್ಪಿನವರೆಗೆ ಇರತಕ್ಕದ್ದು.' ಅಂದರೆ ನಾಲ್ಕು ವರ್ಷ. ಕೃಷ್ಣಸ್ವಾಮಿಯವರಿಗೆ ಆಗ ಅರವತ್ತೆಂಟು.

ಫೈನಲ್ಲಿಗೆ ಮುಂಚೆ ಅಕ್ಷೋಭ್ಯನ ತಂಡಕ್ಕೆ ಅರವತ್ತೊಂದು ಅಂಕ, ಮುರುಗೇಶನದಕ್ಕೆ ಐವತ್ತೆಂಟು. ಉಳಿದಿಬ್ಬರು ಎಷ್ಟೋ ಹಿಂದೆ. ಮುರುಗೇಶನ ಚೀಟಿಯಲ್ಲಿದ್ದದ್ದು ಒಂದೇ ಸಾಲು: ಬ್ರೆಜಿಲ್ಲಿನ ಒಂಬತ್ತನೇ ನಂಬರು ಹೊರಗೆ, ಫ್ರಾನ್ಸಿನ ಹತ್ತನೇ ನಂಬರು ಒಳಗೆ. ಆಟಗಾರರ ಹೆಸರು ಕೃಷ್ಣಸ್ವಾಮಿಯವರ ನಾಲಗೆಗೆ ಹೊರಳುತ್ತಿರಲಿಲ್ಲ. ಹಾಗಾಗಿ ಎಲ್ಲರೂ ನಂಬರಿನಲ್ಲೇ ವ್ಯವಹರಿಸುತ್ತಿದ್ದರು. ಆ ಹತ್ತನೇ ನಂಬರಿನವನು ಮೊದಲು ಮುರುಗೇಶನ ತಂಡದಲ್ಲೇ ಇದ್ದವನು. ರೆಡ್ ಕಾರ್ಡು ತಿಂದು ಎರಡು ಆಟ ಹೊರಗೆ ಕುಳಿತಾಗ ತೆಗೆದುಹಾಕಿದ್ದ.

ಐದನೆಯ ನಿಯಮದ ಪ್ರಕಾರ ಚೀಟಿಯನ್ನು ಆಟದ ಹಿಂದಿನ ದಿನ ದೀಪ ಹಚ್ಚುವ ಮೊದಲು ಕೊಡಬೇಕು. ಇದುವರೆಗೆ ಎಲ್ಲರೂ ಎರಡು ಮೂರು ದಿನ ಮೊದಲೇ ಕೊಡುತ್ತಿದ್ದರು. ಹಾಗಾಗಿ ನಡುರಾತ್ರಿಯ ಆಟಗಳನ್ನೆಲ್ಲ ಕೃಷ್ಣಸ್ವಾಮಿಯವರು ಹಿಂದಿನ ದಿನಕ್ಕೆ ಸೇರಿಸಿ ಬರೆಯುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ.

ಮುದುಕರ ಹೆಂಡತಿ ಶಾಂತಾಬಾಯಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಮುರುಗೇಶ್ ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟು, ನಿಮ್ಮ ಮಾತಿಗೆ ಎದುರಾಡಲ್ಲ ಅಪ್ಪಾ, ಆದರೆ ಚೀಟಿ ನಿಮ್ಮಲ್ಲೇ ಇರಲಿ, ನಾಳೆ ಎಲ್ಲರೂ ಬಂದಾಗ ನೋಡೋಣ ಎಂದ. ಕೃಷ್ಣಸ್ವಾಮಿಯವರು ಅದನ್ನು ಈಸಿಕೊಂಡರು. ಚೀಟಿಯ ಹಿಂದೆ 'ಭಾನುವಾರ, ಮೂರು ಗಂಟೆ ಹತ್ತು ನಿಮಿಷ' ಎಂದು ಬರೆದು ದೇವರ ಗೂಡಿನಲ್ಲಿಟ್ಟರು.

ಅಂದು ಸಂಧ್ಯಾವಂದನೆಗೆ ಕುಳಿತಾಗ ಗಾಯತ್ರಿಯ ಲೆಕ್ಕ ಎರಡು ಸಲ ತಪ್ಪಿತು. ತಾವು ಹೇಳಿದ್ದು ಶಾಸ್ತ್ರವೇ. ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಚೀಟಿ ತಂದವನು ನಾಗರಾಜನ್ ಆಗಿದ್ದರೆ ಇಷ್ಟು ಬಿಗಿಯಾಗಿ ಹೇಳುತ್ತಿದ್ದೆನೇ ಎಂಬ ಪ್ರಶ್ನೆ ಎದ್ದಿತು. ಬೈಕಿನ ಮಾತನ್ನು ಅವರು ಒಂದು ದಿನವೂ ಯಾರ ಮುಂದೆಯೂ ಆಡಿರಲಿಲ್ಲ. ಆಡದೆ ಇದ್ದ ಮಾತ್ರಕ್ಕೆ ಅದು ಒಳಗಿಲ್ಲವೆಂದಲ್ಲ.

ಸೋಮವಾರ ಬೆಳಿಗ್ಗೆ ರೇಡಿಯೋದ ತಮಿಳು ವಾರ್ತೆಯಲ್ಲಿ ಫಲಿತಾಂಶ ಬಂತು. ಫ್ರಾನ್ಸಿಗೆ ಮೂರು ಗೋಲು, ಬ್ರೆಜಿಲ್ಲಿಗೆ ಸೊನ್ನೆ. ಮೂರರಲ್ಲಿ ಎರಡು ಹತ್ತನೇ ನಂಬರಿನವನು ತಲೆಯಿಂದ ಹೊಡೆದದ್ದು. ಮೂರನೆಯದನ್ನು ಹೊಡೆದವನು ಯಾರ ಪಟ್ಟಿಯಲ್ಲೂ ಇರಲಿಲ್ಲ. ಅಕ್ಷೋಭ್ಯನ ತಂಡದಲ್ಲಿದ್ದ ಫ್ರಾನ್ಸಿನ ಗೋಲಿ ಒಂದನ್ನೂ ಬಿಟ್ಟಿರಲಿಲ್ಲ. ಕೃಷ್ಣಸ್ವಾಮಿಯವರು ಹಳೆಯ ಲಕೋಟೆಯ ಹಿಂದೆ ಕೂಡಿಸಿದರು. ಅಕ್ಷೋಭ್ಯನಿಗೆ ಅರವತ್ತೊಂದಕ್ಕೆ ಎರಡು ಸೇರಿ ಅರವತ್ತಮೂರು. ಮುರುಗೇಶನಿಗೆ ಚೀಟಿ ಇಲ್ಲವಾದರೆ ಅದೇ ಐವತ್ತೆಂಟು. ಚೀಟಿ ನಿಂತರೆ ಅರವತ್ತನಾಲ್ಕು.

ಒಂದು ಅಂಕ. ಅವರು ಲಕೋಟೆಯನ್ನು ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಊಟವಾಗಿ ಶಾಂತಾಬಾಯಿ ಚಾಪೆಯ ಮೇಲೆ ಕಣ್ಣು ಮುಚ್ಚಿದ ಮೇಲೆ ಅವರು ಪುಸ್ತಕ ತೆಗೆದರು. ಸಂಜೆ ಐದನೆಯ ನಿಯಮವನ್ನು ಎಲ್ಲರಿಗೂ ಓದಿ ಹೇಳಬೇಕಿತ್ತು. ಹಾಳೆಯ ಕೆಳಮೂಲೆಯನ್ನು ಬೆರಳಿನಿಂದ ಸವರುವಾಗ ಅದು ದಪ್ಪವಾಗಿದೆ ಎನಿಸಿತು. ಬೆಳಕಿಗೆ ಹಿಡಿದು ನೋಡಿದರು. ಎರಡು ಹಾಳೆಗಳು ಅಂಟಿಕೊಂಡಿದ್ದವು. ಜೂನ್ ತಿಂಗಳಲ್ಲಿ ತಾವೇ ಹಚ್ಚಿದ ಗಂಧ ಅಂಚು ದಾಟಿ ಹಿಂಬದಿಗೂ ಇಳಿದು, ಹಸಿಯಿದ್ದಾಗಲೇ ಪುಸ್ತಕ ಮುಚ್ಚಿದ್ದರಿಂದ ಒಣಗಿ ಹಿಡಿದುಕೊಂಡಿತ್ತು. ನೀರಿನಲ್ಲಿ ಬೆರಳು ಅದ್ದಿ, ಮೂಲೆ ನೆನೆಸಿ, ಮೆಲ್ಲಗೆ ಬಿಡಿಸಿದರು. ಒಳಗೆ, ಹಾಳೆಯ ಹಿಂಬದಿಯಲ್ಲಿ, ಇನ್ನೊಂದು ಸಾಲು ಕನ್ನಡವಿತ್ತು.

ಅವರು ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

ಗೆಳೆಯರಲ್ಲಿ ಕನ್ನಡ ಓದಬಲ್ಲವರು ಯಾರೂ ಇರಲಿಲ್ಲ. ನಾಗರಾಜನ್ ತಮಿಳಿನವನು. ಮಣಿಕಂಠನೂ ಮುರುಗೇಶನೂ ಮನೆಯಲ್ಲಿ ಕನ್ನಡವನ್ನೇ ಆಡಿಕೊಂಡು ಬೆಳೆದವರು, ಆದರೆ ಅಕ್ಷರ ಕಲಿತದ್ದು ತಮಿಳಿನಲ್ಲಿ. ನಿಯಮಗಳು ಆರು ಎಂದೇ ಎಲ್ಲರೂ ಕೇಳಿದ್ದರು. ಹಾಳೆಗಳನ್ನು ಮತ್ತೆ ಒತ್ತಿದರೆ ಮತ್ತೆ ಅಂಟಿಕೊಳ್ಳುವಷ್ಟು ತೇವ ಮೂಲೆಯಲ್ಲಿ ಇನ್ನೂ ಇತ್ತು.

ಐದೂವರೆಗೆ ಮೂವರೂ ಬಂದು ಜಮಖಾನೆಯ ಮೇಲೆ ಕುಳಿತರು. ರಾತ್ರಿ ಆಟ ನೋಡಿ ನಾಗರಾಜನ ಕಣ್ಣು ಕೆಂಪಾಗಿತ್ತು. ಚೀಟಿಯ ಸಂಗತಿಯನ್ನು ದಾರಿಯಲ್ಲೇ ಕೇಳಿಕೊಂಡಿದ್ದ ಮಣಿಕಂಠ ಮುರುಗೇಶನನ್ನು ಕೆಣಕಿದ: "ಏನ್ಲಾ, ಮೀನ್ಗೆ ಬಲೆ ಆಕ್ಬುಟ್ಟು ನಿದ್ದೆ ಓದಂಗಾಯ್ತಾ? ಶನಿವಾರವೇ ಫೋನ್ ಮಾಡಿದ್ರೆ ನಾನೇ ಚೀಟಿ ಬರ್ದು ಕೊಡ್ತಿರ್ಲಿಲ್ವಾ?"

"ನಿನ್ನ ಬೂತ್ನಾಗೆ ಲೈನ್ ಸಿಕ್ಕಿದ್ರೆ ತಾನೇ ಲೇ," ಎಂದ ಮುರುಗೇಶ್. ಯಾರೂ ಹೆಚ್ಚು ನಗಲಿಲ್ಲ.

ಮಾತು ಚೀಟಿಗೆ ಬಂತು. ಕೃಷ್ಣಸ್ವಾಮಿಯವರು ತಮ್ಮ ಲೆಕ್ಕವನ್ನೂ ಮುರುಗೇಶನ ಲೆಕ್ಕವನ್ನೂ ಒಂದೇ ಧ್ವನಿಯಲ್ಲಿ ಮುಂದಿಟ್ಟರು. ಕ್ಯಾಲೆಂಡರಿನ ಪ್ರಕಾರ ಆಟ ಹದಿಮೂರರದ್ದು ಎಂದು ಮಣಿಕಂಠ ಒಪ್ಪಿದ. ಆದರೆ ಒಪ್ಪುವಾಗ ಮುದುಕರ ಮುಖ ನೋಡದೆ ಗೋಡೆಯ ಮೇಲಿನ ಅಕ್ಷೋಭ್ಯನ ಪಟ ನೋಡಿದ. ಅಡುಗೆಮನೆಯ ಬಾಗಿಲಿನಲ್ಲಿ ಶಾಂತಾಬಾಯಿ ಸೆರಗು ಹಿಡಿದು ನಿಂತಿದ್ದರು.

ಕೊನೆಗೆ ನಾಗರಾಜನ್ ಹೇಳಿದ: "ಸಾರ್, ಅಂಪೈರ್ ನೀಂಗ. ನೀವು ಹೇಳಿದ್ದೇ ಫೈನಲ್. ನಮಗೆ ಅದು ಪೋದುಂ, ಅಷ್ಟೇ ಸಾಕು."

ಮುರುಗೇಶ್ ತಲೆ ತಗ್ಗಿಸಿದ್ದ. ಕಾಲ ಬೆರಳಿನಿಂದ ಜಮಖಾನೆಯ ನೂಲು ಕೀಳುತ್ತ, "ಬುಕ್ಕು ಇಲ್ಲೇ ಇರ್ಲಿ ಅಪ್ಪಾ," ಎಂದ. "ಅಮ್ಮನ ಕಣ್ಮುಂದೆ ಇರ್ಲಿ. ನಂಗೆ ಕೇಳಕ್ಕೆ ಯಾವ ಮುಖ ಐತೆ? ಅವತ್ತು ಆ ಗಾಡಿ ನಾನು ಕೊಡ್ದೆ ಇದ್ದಿದ್ರೆ..."

ಏಳು ತಿಂಗಳಿಂದ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತು ಜಮಖಾನೆಯ ನಡುವೆ ಬಂದು ಬಿದ್ದಿತ್ತು. ಕೃಷ್ಣಸ್ವಾಮಿಯವರ ಮಂಡಿಯ ಮೇಲೆ ಪುಸ್ತಕವಿತ್ತು. ಈಗ ಅವರು ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಹೂಂ ಎಂದರೆ ಸಾಕಿತ್ತು. ಸುಮ್ಮನೆ ಕುಳಿತಿದ್ದರೂ ಸಾಕಿತ್ತು. ಪುಸ್ತಕ ಮನೆಯಲ್ಲೇ ಉಳಿಯುತ್ತಿತ್ತು, ಆ ಹುಡುಗ ತನ್ನ ತಪ್ಪಿಗೆ ಕೊಟ್ಟ ಬೆಲೆಯೆಂದು ತಿಳಿದು ಕೊಳತ್ತೂರಿನ ಬಸ್ಸು ಹತ್ತುತ್ತಿದ್ದ.

ಅವರು ಪುಸ್ತಕ ತೆರೆದರು. ಒಂದರಿಂದ ಶುರುಮಾಡಿ ಓದಿದರು. ಐದನೆಯದನ್ನು ಓದುವಾಗ ಧ್ವನಿ ಸರಿಯಿತ್ತು. ಆರನೆಯದು ಮುಗಿಯಿತು. ನಾಗರಾಜನ್ ಏಳಲೆಂದು ನೆಲಕ್ಕೆ ಕೈಯೂರಿದ.

"ಕೂತ್ಕೋ," ಎಂದರು ಕೃಷ್ಣಸ್ವಾಮಿ. "ಇನ್ನೊಂದಿದೆ. ಗಂಧ ಅಂಟಿ ಒಳಗೆ ಉಳಿದಿತ್ತು. ನಾನು ನೋಡಿದ್ದು ಇವತ್ತು ಮಧ್ಯಾಹ್ನ."

ಹಾಳೆ ತಿರುವಿದರು. ಓದುವ ಮೊದಲು ಒಂದು ಸಲ ಶ್ರೀಹರಿ ಎಂದರು. ಅದು ಮಂತ್ರದಂತೆ ಕೇಳಿಸಲಿಲ್ಲ, ಭಾರ ಎತ್ತುವವನ ಉಸಿರಿನಂತೆ ಕೇಳಿಸಿತು.

"'ಏಳು. ರಾತ್ರಿ ಹನ್ನೆರಡು ಹೊಡೆದರೆ ಮಾರನೇ ದಿನ. ಕ್ಯಾಲೆಂಡರೇ ಪ್ರಮಾಣ, ಅಪ್ಪನ ಪಂಚಾಂಗ ಅಲ್ಲ. ಅಪ್ಪ ಎಷ್ಟು ಜಗಳ ಆಡಿದರೂ ಬಿಡಕೂಡದು.'"

ಶಾಂತಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅತ್ತರೋ ನಕ್ಕರೋ ತಿಳಿಯಲಿಲ್ಲ. ಮಣಿಕಂಠ ಮಾತ್ರ ನಿಜವಾಗಿ ನಕ್ಕುಬಿಟ್ಟ. ತೊಂಬತ್ತನಾಲ್ಕರಲ್ಲಿ ಅಕ್ಷೋಭ್ಯ ಬೆಳಗಿನ ಜಾವದ ಆಟ ನೋಡಿ ಬಂದಾಗಲೆಲ್ಲ ಅದು ಯಾವ ದಿನದ ಆಟವೆಂದು ತಂದೆ ಮಗ ತಿಂಡಿ ತಿನ್ನುತ್ತ ವಾದ ಮಾಡುತ್ತಿದ್ದುದು ಅವನಿಗೆ ನೆನಪಿತ್ತು.

ಕೃಷ್ಣಸ್ವಾಮಿಯವರು ಪೆನ್ನು ಕೇಳಿ ತೆಗೆದುಕೊಂಡರು. ಫೈನಲ್ಲಿನ ಸಾಲಿನಲ್ಲಿ ತಾವು ಬರೆದಿದ್ದ 'ಭಾನುವಾರ, 12' ಎಂಬುದನ್ನು ಹೊಡೆದುಹಾಕಿ 'ಸೋಮವಾರ, 13' ಎಂದು ಬರೆದರು. ಚೀಟಿಯನ್ನು ಅಂಟಿಸಿದರು. ಮುರುಗೇಶ್ ಅರವತ್ತನಾಲ್ಕು, ಅಕ್ಷೋಭ್ಯ ಅರವತ್ತಮೂರು ಎಂದು ನಮೂದಿಸಿ ಸಹಿ ಹಾಕಿದರು. ಸಹಿ ಒಣಗುವವರೆಗೆ ಕಾದರು, ಈ ಸಲ ತೇವದ ಮೇಲೆ ಮುಚ್ಚಲಿಲ್ಲ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಚಾಚಿದರು.

ಮುರುಗೇಶ್ ಕೈ ಹಿಂದಕ್ಕೆಳೆದುಕೊಂಡ. ಬೇಡ ಅಪ್ಪಾ, ಬೇಡ ಎಂದ.

"ತಗೋ. ನಾಲ್ಕನೇ ನಿಯಮ. ಅವನು ಬರೆದದ್ದು, ನಾನಲ್ಲ." ಪುಸ್ತಕವನ್ನು ಇನ್ನಷ್ಟು ಮುಂದೆ ಚಾಚಿ, "ಗಾಡಿ ಅವನು ಕೇಳಿದ, ನೀನು ಕೊಟ್ಟೆ. ಕೇಳಿದ್ರೆ ಯಾರಾದ್ರೂ ಕೊಡ್ತಿದ್ರು," ಎಂದರು.

ಮುರುಗೇಶ್ ಪುಸ್ತಕ ತೆಗೆದುಕೊಂಡ. ತೊಡೆಯ ಮೇಲಿಟ್ಟುಕೊಂಡು ಆ ಹಾಳೆಯನ್ನು ಬಹಳ ಹೊತ್ತು ನೋಡಿದ. ಆಡುವ ಭಾಷೆಯೇ ಆದರೂ ಅವನ ಕಣ್ಣಿಗೆ ಅಲ್ಲಿ ಇದ್ದದ್ದು ಬರಿಯ ಸುರುಳಿ ಸೊನ್ನೆಗಳು.

"ಇದ್ರಾಗೆ ನಿಮ್ಮ ಎಸ್ರು ಎಲ್ಲೈತೆ?"

ಕೃಷ್ಣಸ್ವಾಮಿಯವರು ಪಕ್ಕಕ್ಕೆ ಸರಿದು ಕುಳಿತು, ಅವನ ತೋರುಬೆರಳನ್ನು ಹಿಡಿದು ಏಳನೆಯ ನಿಯಮದ ಮೇಲಿಟ್ಟರು. ಇದು ಅ, ಇದು ಪ್ಪ ಎಂದರು. ಒತ್ತಕ್ಷರ ಸಾಲಿನಿಂದ ಕೆಳಗೆ ಜಾರಿತ್ತು. ಇಪ್ಪತ್ತು ವರ್ಷದ ಹಿಂದೆ ಸ್ಲೇಟಿನ ಮೇಲೆಯೂ ಅದು ಹೀಗೆಯೇ ಜಾರುತ್ತಿತ್ತು.

ಮುರುಗೇಶನ ಬೆರಳು ಆ ಎರಡು ಅಕ್ಷರಗಳ ಮೇಲೆ ಒಂದು ಸಲ ಹೋಗಿ ಬಂತು. ದೀಪ ಹಚ್ಚುವ ಹೊತ್ತಾಯಿತೆಂದು ಶಾಂತಾಬಾಯಿ ಒಳಗೆ ಹೋದರು. ಕೊಳತ್ತೂರಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.