ಆಯುಧಪೂಜೆಯ ವಿಭೂತಿ

ಹುಲ್ಲಹಳ್ಳಿಯ ಗಂಗಾಧರಸ್ವಾಮಿಯವರು ತೀರಿಕೊಂಡು ತಿಂಗಳಾಗಿತ್ತು. ಲೈಸೆನ್ಸು ಅವರ ಹೆಸರಿನಲ್ಲಿದ್ದುದರಿಂದ ರಿವಾಲ್ವರನ್ನು ನಂಜನಗೂಡಿನ ಠಾಣೆಗೆ ಒಪ್ಪಿಸಬೇಕಿತ್ತು. ನಂಬರು ಕಾಣುವಂತೆ ಒರೆಸಿ ತನ್ನಿ ಎಂದು ಪೊಲೀಸರು ಹೇಳಿದ್ದರು. ಆ ನಂಬರಿನ ಮೇಲೆಯೇ, ಆಯುಧಪೂಜೆಯ ದಿನ ಸ್ವಾಮಿಯವರು ಎಳೆದಿದ್ದ ಮೂರು ಪಟ್ಟೆ ವಿಭೂತಿ ಒಣಗಿ ಕೂತಿತ್ತು. ಗಾಣಕ್ಕೆ ಸಿಕ್ಕಿ ನಡುಬೆರಳು ಮೊಂಡಾಗಿದ್ದರಿಂದ ಅವರು ಎಳೆದ ನಡುವಿನ ಪಟ್ಟೆ ಯಾವಾಗಲೂ ಗಿಡ್ಡ. ಪ್ರತಿವರ್ಷ ಮಾರನೆಯ ದಿನ ತಾವೇ ಒರೆಸಿಡುತ್ತಿದ್ದರು. ಈ ಸಲ ಬೆಳಗಾಗುವ ಮೊದಲೇ ಎದೆನೋವು ಬಂದಿತ್ತು.

ಮಗ ಅಮೃತೇಶ್ ಗುಂಡುಗಳನ್ನು ತೆಗೆದು ರಿವಾಲ್ವರನ್ನು ತಾಯಿಯ ಮುಂದಿಟ್ಟ. "ಹುಣಸೆಹಣ್ಣು ಹಾಕಿ ತಿಕ್ಕುಬುಡವ್ವ, ಚೊಂಬಿನಂಗೆ ಒಳೀತದೆ."

"ಹಿತ್ತಾಳೆ ಅಂದ್ಕಂಡಿದ್ದೀಯೇನ್ಲಾ? ನಿಕ್ಕಲ್ ಕಣೋ. ಹುಳಿ ತಗುಲಿದ್ರೆ ಮೇಲಿನ ಪದರ ಎದ್ದೋಯ್ತದೆ ಅಂತ ನಿಮ್ಮಪ್ಪಾರು ಏಳ್ತಿರ್ನಿಲ್ವಾ?" ಎಂದಳು ರುದ್ರಾಣಿ.

ಹಳೆಯ ಪಂಚೆಯ ತುಂಡಿನಿಂದ ಹೊಲಿಗೆ ಯಂತ್ರದ ಎಣ್ಣೆ ಸವರಿ, ವಿಭೂತಿ ನೆನೆಯುವವರೆಗೆ ಕಾದಳು. ಪುಡಿ ಗೀರೀತೆಂದು ಒತ್ತದೆ, ಒಂದೇ ದಿಕ್ಕಿಗೆ ಮೆಲ್ಲಗೆ ಎಳೆದಳು. ಮೇಲಿನ ಪಟ್ಟೆ ಹೋಯಿತು, ಕೆಳಗಿನದೂ ಹೋಯಿತು. ಗಿಡ್ಡ ಪಟ್ಟೆಯ ಹತ್ತಿರ ಕೈ ನಿಂತಿತು.

"ನಾನ್ ಒರಸ್ಲಾ, ಅವ್ವ?"

"ಬ್ಯಾಡ."

ಅವಳೇ ಒರೆಸಿದಳು. ಅಮೃತೇಶ್ ನಂಬರು ಓದಿ ಲೈಸೆನ್ಸಿಗೆ ತಾಳೆ ನೋಡಿದ. "ಸರ್ಯಾಗದೆ. ಒಸಾದ್ರಂಗೆ ಕಾಣ್ತದೆ ಕಣವ್ವ!"

ಅವರು ಹೇಳಿಕೊಟ್ಟಂತೆಯೇ ಮಾಡಿದ್ದಳು, ಎಲ್ಲೂ ಒಂದು ಗೀರು ಬಿದ್ದಿರಲಿಲ್ಲ. ಅಲ್ಲಿ ಅವರ ಬೆರಳಾಡಿತ್ತೆಂದು ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ.